ಹನ್ನೊಂದು ಗಂಟೆಯ ಮಾತ್ರೆ

ಅಕ್ಕನ ಆಸ್ಪತ್ರೆ ಚೀಟಿಯಲ್ಲಿ ‘ಈಗ ತೆಗೆದುಕೊಳ್ಳುತ್ತಿರುವ ಔಷಧಿ: ಯಾವುದೂ ಇಲ್ಲ’ ಎಂದು ಬರೆದವನು ನಾನೇ. ಆ ದಿನಗಳಲ್ಲಿ ನಾನು ಚಿಕ್ಕಬಳ್ಳಾಪುರದಿಂದ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಹೇಳಿದವರು ಹೇಳಿದ ಹಾಗೆ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಡಾಕ್ಟರು ಕೇಳಿದರು, ಅಕ್ಕ ಹೇಳಿದಳು, ನಾನು ಬರೆದೆ. ಮೂವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಆದರೂ ಆ ಸಾಲು ತಪ್ಪಾಗಿತ್ತು.

ಎಂಬತ್ತರ ದಶಕದ ಕೊನೆಯ ವರ್ಷಗಳವು. ನಮ್ಮ ಊರುಗಳೆಲ್ಲ ಆಗ ಕೋಲಾರ ಜಿಲ್ಲೆಗೆ ಸೇರಿದ್ದವು. ಮಧ್ಯಾಹ್ನದ ಬಸ್ಸಿಗೆ ಸುದ್ದಿಯ ಕವರ್ ಕೊಟ್ಟರೆ ಸಂಜೆಯೊಳಗೆ ಬೆಂಗಳೂರಿನ ಕಚೇರಿಗೆ ತಲುಪುತ್ತಿತ್ತು. ಕಂಡಕ್ಟರುಗಳು ಕವರನ್ನು ಅಂಗೈಯಲ್ಲಿ ತೂಗಿ, “ಇವತ್ತೇನ್ ಸಾರ್, ಆಕ್ಸಿಡೆಂಟಾ, ಭಾಷಣಾನಾ?” ಎಂದು ಕೇಳುತ್ತಿದ್ದರು. ತೆಳ್ಳಗಿದ್ದರೆ ಆಕ್ಸಿಡೆಂಟ್, ದಪ್ಪಗಿದ್ದರೆ ಭಾಷಣ. ಅವರ ಲೆಕ್ಕ ತಪ್ಪುತ್ತಿದ್ದದ್ದು ಅಪರೂಪ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆಗಿದ್ದಳು. ಅಕ್ಕನನ್ನು ಶಿಡ್ಲಘಟ್ಟಕ್ಕೆ ಕೊಟ್ಟಿತ್ತು. ಭಾವನದು ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕೆಲಸ. ಮನೆಯ ಹಿಂದೆ ಹೆಂಚಿನ ಒಂದು ಉದ್ದನೆಯ ಕೋಣೆ, ಅದರೊಳಗೆ ನಾಲ್ಕು ಬಿಸಿನೀರಿನ ತೊಟ್ಟಿ, ಅವುಗಳ ಮುಂದೆ ಕೂತು ನೂಲೆಳೆಯುವ ಐದಾರು ಹೆಂಗಸರು. ಅಕ್ಕ ಬರೀ ಯಜಮಾನಿಯಾಗಿರಲಿಲ್ಲ. ಗೂಡು ಬೇಯಿಸುವ ಒಲೆಯ ಪಕ್ಕದ ತೊಟ್ಟಿ ಅವಳದೇ. ಬೇರೆಯವರನ್ನು ಅಲ್ಲಿ ಕೂರಿಸಿದರೆ ಎರಡೇ ದಿನಕ್ಕೆ ಕೆಲಸ ಬಿಡುತ್ತಾರೆ ಎನ್ನುತ್ತಿದ್ದಳು.

ಅವಸರವಿಲ್ಲದ ದಿನ ನಾನು ಶಿಡ್ಲಘಟ್ಟಕ್ಕೆ ಸಣ್ಣ ರೈಲಿನಲ್ಲಿ ಹೋಗುತ್ತಿದ್ದೆ. ಬಂಗಾರಪೇಟೆಗೆ ಹೋಗುವ ಆ ರೈಲಿನ ಹಳಿ ಎಷ್ಟು ಕಿರಿದೆಂದರೆ ಡಬ್ಬಿಯೊಳಗೆ ಎದುರುಬದುರು ಕೂತವರ ಮೊಣಕಾಲು ತಾಗುತ್ತಿತ್ತು. ಇಳಿದು ಅಕ್ಕನ ಬೀದಿಗೆ ತಿರುಗುವ ಮೊದಲೇ ಆ ವಾಸನೆ ಬರುತ್ತಿತ್ತು: ಬೆಂದ ಹುಳುವಿನದು, ಸೌದೆ ಹೊಗೆಯದು, ಹಳೇ ನೀರಿನದು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಇವತ್ತು ಎಲ್ಲಾದರೂ ಅದು ಮೂಗಿಗೆ ಬಿದ್ದರೆ ಅಕ್ಕನ ಮನೆಯ ಬಾಗಿಲು ಕಾಣುತ್ತದೆ.

ಒಳಗೆ ಹಬೆ. ಹೆಂಗಸರ ಬೆರಳ ತುದಿ ಬಿಸಿನೀರಿಗೆ ಬೆಳ್ಳಗೆ ಸುಕ್ಕಾಗಿರುತ್ತಿತ್ತು. ಬೆಂದ ಗೂಡುಗಳನ್ನು ತೊಟ್ಟಿಗೆ ಹಾಕಿ, ಒಂದೊಂದರ ಎಳೆಯ ತುದಿ ಹುಡುಕಿ, ಎಂಟು ಹತ್ತು ತುದಿ ಸೇರಿಸಿ ಮೇಲಕ್ಕೆ ಕೊಟ್ಟರೆ ಅವು ತಮ್ಮದೇ ಅಂಟಿನಿಂದ ಒಂದೇ ನೂಲಾಗಿ ಹೊರಡುತ್ತಿದ್ದವು. ಒಂದು ಎಳೆ ಕಡಿದರೆ ಕೂಡಲೇ ಇನ್ನೊಂದು ಗೂಡಿನ ತುದಿಯನ್ನು ಅದರ ಜಾಗಕ್ಕೆ ಎಸೆಯಬೇಕು. ಇಲ್ಲದಿದ್ದರೆ ನೂಲು ಅಲ್ಲಿ ತೆಳುವಾಗುತ್ತದೆ. ಅಕ್ಕ ಮಾತಾಡುತ್ತಲೇ, ನೋಡದೆಯೇ ಎಸೆಯುತ್ತಿದ್ದಳು.

ಬೆಳಿಗ್ಗೆ ಹನ್ನೊಂದಕ್ಕೆ ಟೀ ಬರುತ್ತಿತ್ತು. ಟೀ ಜೊತೆ ಒಂದು ಡಬ್ಬ. ಹಾಲಿನ ಪುಡಿಯ ಹಳೇ ಡಬ್ಬ ಅದು. ಅದರೊಳಗೆ ತಲೆನೋವಿನ ಬಿಳಿ ಮಾತ್ರೆಗಳು. ಮೂಲೆ ಅಂಗಡಿಯಲ್ಲಿ ಬೀಡಿ, ಸೋಪಿನ ಜೊತೆ ಸಿಗುತ್ತಿದ್ದಂಥವು. ಡಬ್ಬ ಕೈಯಿಂದ ಕೈಗೆ ಹೋಗುತ್ತಿತ್ತು, ಒಬ್ಬೊಬ್ಬರು ಒಂದೊಂದು ತೆಗೆದು ಟೀ ಜೊತೆ ನುಂಗುತ್ತಿದ್ದರು. ತಲೆ ನೋಯುತ್ತಿದೆಯೇ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಆ ಹಬೆಯಲ್ಲಿ ಸಂಜೆಯವರೆಗೆ ಕೂತರೆ ನೋಯುವುದು ಖಂಡಿತ, ಅದಕ್ಕೆ ಮೊದಲೇ ತೆಗೆದುಕೊಳ್ಳುವುದು. ಊಟವಾದ ಮೇಲೆ ಎಲೆ ಅಡಿಕೆ ಕೊಟ್ಟ ಹಾಗೆ. ಒಲೆ ಪಕ್ಕದವಳಾದ ಅಕ್ಕನಿಗೆ ಎರಡು, ನಾಲ್ಕು ಗಂಟೆಗೆ ಮತ್ತೆ ಒಂದು. ನಾನು ಹೋದರೆ ನನಗೂ ಡಬ್ಬ ನೀಡುತ್ತಿದ್ದರು. ಬೇಡ ಎಂದರೆ, “ಪೇಪರ್‌ನೋರ ತಲೆ ನೋಯಲ್ಲ ಬಿಡ್ರೇ, ಒಳಗೇನಾದ್ರೂ ಇದ್ರೆ ತಾನೆ ನೋಯೋದು,” ಎಂದು ನಗುತ್ತಿದ್ದರು.

ಆ ವರ್ಷ ಅಕ್ಕನಿಗೆ ನಲವತ್ತು. ತಿಂಗಳ ಮುಟ್ಟು ಹತ್ತು ಹನ್ನೆರಡು ದಿನ ನಿಲ್ಲುತ್ತಿರಲಿಲ್ಲ. ಮುಖ ಬಿಳುಚಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಚಿಕ್ಕಬಳ್ಳಾಪುರದ ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿದೆವು. ಗರ್ಭಕೋಶದಲ್ಲಿ ಗಡ್ಡೆ ಇದೆ, ಆಪರೇಷನ್ ಆಗಬೇಕು ಎಂದರು. ಆ ದಿನವೇ ನಾನು ಚೀಟಿ ತುಂಬಿದ್ದು.

“ಯಾವುದಾದ್ರೂ ಔಷಧಿ ತಗೋತಿದೀರಾ?” ಎಂದು ಅವರು ಕೇಳಿದರು.

“ಇಲ್ಲ ಮೇಡಮ್,” ಎಂದಳು ಅಕ್ಕ. “ನಂಗೆ ಔಷಧಿ ಅಂದ್ರೇನೇ ಆಗಲ್ಲ.”

ಡಾಕ್ಟರು ಮೊದಲು ಹುಳುಕು ಹಲ್ಲು ತೆಗೆಸಿಕೊಂಡು ಬನ್ನಿ ಎಂದರು. ಭಾವನಿಗೆ ಗುರುತಿನ ಹಲ್ಲಿನ ಡಾಕ್ಟರು ಚಿಂತಾಮಣಿಯಲ್ಲಿದ್ದರು. ಅಲ್ಲಿ ತೆಗೆಸಿಕೊಂಡು ಬಂದಳು. ರಕ್ತ ನಿಲ್ಲಲಿಲ್ಲ. ಹತ್ತಿ ಕಚ್ಚಿದಳು, ಲವಂಗ ಕಚ್ಚಿದಳು, ಬಿಳಿ ಬಟ್ಟೆ ಕಚ್ಚಿ ಕೂತಳು. ಬಟ್ಟೆ ಮೇಲೆ ಬಟ್ಟೆ ಬದಲಾಯಿತು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ತಾನಾಗಿ ನಿಂತಿತು.

ಇದನ್ನು ಕೇಳಿದ ಲೇಡಿ ಡಾಕ್ಟರು ಪೆನ್ನು ಕೆಳಗಿಟ್ಟರು. ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಕಡಿಮೆ ಇತ್ತು, ಅದು ಗೊತ್ತಿದ್ದದ್ದೇ. ಆದರೆ ರಕ್ತ ಕಟ್ಟುವ ಕಣಗಳಾದ ಪ್ಲೇಟ್‌ಲೆಟ್‌ಗಳ ಎಣಿಕೆ ಸರಿಯಾಗಿತ್ತು.

“ಎಣಿಕೆ ಸರಿ ಇದೆ, ಕೆಲಸ ಸರಿ ಇಲ್ಲ,” ಎಂದರು. ಆಮೇಲೆ ಅಮ್ಮನ ಕಡೆ ತಿರುಗಿ, “ನೀವೂ ನಿಮ್ಮ ಯಜಮಾನರೂ ಸಂಬಂಧದಲ್ಲೇ ಮದುವೆ ಆಗಿದ್ದಾ?”

“ನಮ್ಮ ಸೋದರಮಾವನ್ನೇ ಮಾಡ್ಕೊಂಡಿದ್ದು,” ಎಂದಳು ಅಮ್ಮ. ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು. “ನಮ್ಮ ಕಡೆ ಹೊರಗೆ ಕೊಡೋ ಪದ್ಧತಿ ಇಲ್ಲ.”

ಡಾಕ್ಟರು ಜಾಗರೂಕತೆಯಿಂದಲೇ ಹೇಳಿದರು. ಕೆಲವರಿಗೆ ಹುಟ್ಟಿನಿಂದಲೇ ಈ ಕಣಗಳು ಒಂದಕ್ಕೊಂದು ಅಂಟುವುದಿಲ್ಲ. ಬಹಳ ಅಪರೂಪ. ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಕಾಣಿಸುವುದುಂಟು. ಅದೇ ಆಗಿದ್ದರೆ ಇಲ್ಲಿ ಆಪರೇಷನ್ ಸಾಧ್ಯವಿಲ್ಲ, ಟೇಬಲ್ ಮೇಲೆಯೇ ರಕ್ತ ಹರಿದು ಜೀವ ಹೋಗಬಹುದು. ಮಾಡದಿದ್ದರೆ ತಿಂಗಳು ತಿಂಗಳೂ ಹೀಗೇ ಸೋರುತ್ತದೆ. ಗೌರಿಬಿದನೂರಿನಲ್ಲಿ ಒಬ್ಬ ಲ್ಯಾಬಿನವರಿದ್ದಾರೆ, ರಕ್ತ ನಿಲ್ಲುವ ಸಮಯವನ್ನು ಅವರಷ್ಟು ಸರಿಯಾಗಿ ನೋಡುವವರು ಈ ಕಡೆ ಇಲ್ಲ, ಅಲ್ಲಿಗೆ ಹೋಗಿ ಬನ್ನಿ ಎಂದು ಬರೆದುಕೊಟ್ಟರು.

ಆ ರಾತ್ರಿ ಮುದ್ದೆ ಮುರಿಯುತ್ತಾ ಅಮ್ಮ ಒಂದೇ ಮಾತು ಹೇಳಿದಳು: “ಊರೋರೆಲ್ಲ ಮಾಡಿದ್ದನ್ನೇ ನಾವೂ ಮಾಡಿದ್ವಿ. ನನ್ನ ಮಗೂಗೆ ಯಾಕೆ ಬರಬೇಕಿತ್ತು?” ಅಮ್ಮನಿಗೆ ಅಕ್ಕನ ಜೀವದ ಭಯ ಒಂದು ಕಡೆ, ಅದಕ್ಕೆ ತನ್ನ ಮದುವೆಯೇ ಕಾರಣ ಎಂಬುದು ಇನ್ನೊಂದು ಕಡೆ.

ಗೌರಿಬಿದನೂರಿಗೆ ಹೊರಡುವ ಹಿಂದಿನ ದಿನ ನಾನು ಶಿಡ್ಲಘಟ್ಟದಲ್ಲಿದ್ದೆ. ಗೂಡಿನ ಮಾರುಕಟ್ಟೆಯ ಸುದ್ದಿ ಬರೆಯುವುದಿತ್ತು, ಅಲ್ಲೇ ಉಳಿದು ಬೆಳಿಗ್ಗೆ ಅಕ್ಕನನ್ನು ಕರೆದುಕೊಂಡು ಹೊರಡುವುದೆಂದು ಮಾತಾಗಿತ್ತು. ಅಕ್ಕ ಆ ದಿನವೂ ತೊಟ್ಟಿಯ ಮುಂದೆ ಕೂತಿದ್ದಳು. ಬಾಯಿಂದ ಅಷ್ಟು ರಕ್ತ ಹೋದವಳು ಸುಮ್ಮನೆ ಮಲಗಬಾರದೇ ಎಂದರೆ, “ಮಲಗಿದ್ರೆ ಬೆಂದ ಗೂಡು ನೀನು ತೆಗೀತೀಯೇನೋ?” ಎಂದಳು. ನಾನು ಅವಳ ಪಕ್ಕದ ಮಣೆಯ ಮೇಲೆ ಕೂತು ಮಾರುಕಟ್ಟೆ ವರದಿ ಬರೆದೆ. ಒಲೆಯ ಹೊಗೆಗೆ ತಲೆ ಸಿಡಿಯತೊಡಗಿತು. ಹನ್ನೊಂದಕ್ಕೆ ಟೀ ಬಂತು, ಡಬ್ಬ ಬಂತು. ಆ ದಿನ ನಾನು ಬೇಡ ಎನ್ನಲಿಲ್ಲ, ಎರಡು ನುಂಗಿದೆ.

ಮಾರನೆಯ ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿ ಅಮ್ಮ ನಾವಿದ್ದ ಬಸ್ಸು ಹತ್ತಿದಳು. ಮಂಚೇನಹಳ್ಳಿಯ ಮೇಲೆ ಗೌರಿಬಿದನೂರು. ಅಕ್ಕ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಅಮ್ಮ ಅವಳ ಸೆರಗನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು, ಜಾರದಿದ್ದರೂ.

ಲ್ಯಾಬು ಸ್ಟೇಷನ್ನಿಗೆ ಹತ್ತಿರ, ಒಂದೇ ಕೋಣೆ. ಲ್ಯಾಬಿನವರು ಅಲೀಪುರದಿಂದ ದಿನಾ ಬಂದುಹೋಗುತ್ತಿದ್ದ ಸಾಹೇಬರು. ಐವತ್ತರ ಮೇಲಿನ ವಯಸ್ಸು, ಬಿಳಿ ಅಂಗಿ, ಕತ್ತಿಗೆ ದಾರ ಕಟ್ಟಿ ನೇತುಹಾಕಿದ್ದ ಕನ್ನಡಕ. ಮೇಜಿನ ಮೇಲೆ ಒಂದು ಸೂಕ್ಷ್ಮದರ್ಶಕ, ಅದರ ಪಕ್ಕದಲ್ಲಿ ರಟ್ಟು ಕಿತ್ತುಹೋದ ದಪ್ಪ ಪುಸ್ತಕ. ಡಾಕ್ಟರ ಚೀಟಿಯನ್ನೂ ನಾನು ತುಂಬಿದ್ದ ಆಸ್ಪತ್ರೆ ಚೀಟಿಯನ್ನೂ ಓದಿ ಅಕ್ಕನಿಗೆ, “ಕೂತ್ಕೊ ತಾಯಿ. ನೋಯೋದು ಸೊಳ್ಳೆ ಕಚ್ಚಿದಷ್ಟು, ಕಾಯೋದು ಮಾತ್ರ ಜಾಸ್ತಿ,” ಎಂದರು.

ತೋಳಿಗೆ ಬಿ.ಪಿ. ನೋಡುವ ಪಟ್ಟಿ ಕಟ್ಟಿ ಸ್ವಲ್ಪ ಗಾಳಿ ತುಂಬಿದರು. ಮುಂಗೈ ಮೇಲೆ ಸಣ್ಣದೊಂದು ಗೀರು. ಅರ್ಧ ನಿಮಿಷಕ್ಕೊಮ್ಮೆ ಸೋಸುವ ಕಾಗದದ ಅಂಚನ್ನು ಗಾಯಕ್ಕೆ ತಾಗಿಯೂ ತಾಗದ ಹಾಗೆ ಹಿಡಿದು ರಕ್ತ ಹೀರಿಸುತ್ತಿದ್ದರು. ಕಾಗದದ ಮೇಲೆ ಸಾಲಾಗಿ ಕೆಂಪು ಚುಕ್ಕೆಗಳು. “ಚುಕ್ಕೆ ಚಿಕ್ಕದಾಗ್ತಾ ಹೋಗ್ಬೇಕು. ಏಳೆಂಟು ನಿಮಿಷದೊಳಗೆ ಕಾಗದ ಬಿಳೀದೇ ಬರಬೇಕು,” ಎಂದರು. ನಾನು ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದೆ. ಪೇಪರಿಗೆ ಬರೆಯುವವನೆಂದು ಅಮ್ಮ ಅವರಿಗೆ ಆಗಲೇ ಹೇಳಿದ್ದಳು. ಹತ್ತು ನಿಮಿಷ. ಹದಿನೈದು. ಚುಕ್ಕೆ ಚಿಕ್ಕದಾಗಲಿಲ್ಲ. ಇಪ್ಪತ್ತಕ್ಕೆ ಅವರು ಪಟ್ಟಿ ಬಿಚ್ಚಿ ಗಾಯದ ಮೇಲೆ ಹತ್ತಿ ಒತ್ತಿ ಕಟ್ಟಿದರು.

“ಪಕ್ಕದಲ್ಲಿ ಯಾವಾಗ್ಲೂ ಒಬ್ಬ ಚೆನ್ನಾಗಿರೋರ್ದೂ ನೋಡ್ಬೇಕು,” ಎಂದರು ಸಾಹೇಬರು. “ಇಲ್ಲಾಂದ್ರೆ ತಪ್ಪು ನನ್ನ ಕೈದಾ, ಅವರ ರಕ್ತದ್ದಾ ಗೊತ್ತಾಗಲ್ಲ. ಪೇಪರ್‌ನೋರೇ, ಕೈ ಕೊಡಿ.”

ನಾನು ಅಂಗಿಯ ತೋಳು ಮಡಿಸಿದೆ. ಏಳು ನಿಮಿಷವಾಯಿತು, ಎಂಟಾಯಿತು. ಕಾಗದದ ಮೇಲೆ ಚುಕ್ಕೆ ಬರುತ್ತಲೇ ಇತ್ತು. ಹನ್ನೆರಡೂವರೆ ನಿಮಿಷಕ್ಕೆ ನಿಂತಿತು.

ಅಮ್ಮ ಎರಡು ಕಾಗದಗಳನ್ನೂ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ಆ ಚುಕ್ಕೆಗಳನ್ನು ಓದಲು ಅಕ್ಷರ ಬೇಕಿರಲಿಲ್ಲ. “ಇಬ್ಬರಿಗೂನಾ?” ಎಂದಳು. “ಏಮಿ ಕರ್ಮನೋ ಇದಿ,” ಎಂದು ತನಗೆ ತಾನೇ ಹೇಳಿಕೊಂಡಳು. ಅಮ್ಮನ ತವರು ಆಂಧ್ರದ ಗಡಿಗೆ ಹತ್ತಿರ. ಎದೆಗೆ ತಾಗಿದ ಮಾತು ಅವಳ ಬಾಯಲ್ಲಿ ತೆಲುಗಿನಲ್ಲೇ ಬರುತ್ತಿತ್ತು. ಆಮೇಲೆ ರವಿಕೆಯ ತೋಳು ಮೇಲಕ್ಕೆ ಸರಿಸಿ ಮುಂದೆ ಬಂದಳು. “ನಂದೂ ನೋಡಿ ಸಾಹೇಬ್ರೇ.”

“ನಿಮ್ಮದು ಬೇಡಮ್ಮ.”

“ನೋಡಿ. ನನ್ನಿಂದ ಬಂದಿದ್ರೆ ನಂಗೆ ಗೊತ್ತಾಗ್ಲಿ.”

ನೋಡಿದರು. ಐದು ನಿಮಿಷಕ್ಕೆ ಕಾಗದ ಬಿಳಿಯದೇ ಬಂತು.

“ಹಂಗಾದ್ರೆ ಇವರಪ್ಪನ ಕಡೆಯಿಂದ,” ಎಂದಳು ಅಮ್ಮ.

“ಇವರಪ್ಪ ನಿಮ್ಮ ಮಾವಾನೇ ಅಂತ ಡಾಕ್ಟ್ರಮ್ಮ ಬರೆದಿದಾರಲ್ಲಮ್ಮ. ಆ ಕಡೇನೂ ನಿಮ್ಮ ಕಡೇನೇ ಅಲ್ವಾ?” ಎಂದು ಸಾಹೇಬರು ನಕ್ಕರು. ಅಮ್ಮ ನಗಲಿಲ್ಲ. ಅವರೂ ಕೂಡಲೇ ನಗು ಬಿಟ್ಟು ನನ್ನ ಕಾಗದವನ್ನು ಮತ್ತೆ ಬೆಳಕಿಗೆ ಹಿಡಿದರು. “ಪೇಪರ್‌ನೋರೇ, ಚಿಕ್ಕ ವಯಸ್ಸಲ್ಲಿ ನಿಮಗೆ ಗಾಯ ಆದ್ರೆ ಹೀಗೇ ಹರೀತಿತ್ತಾ?”

“ಇಲ್ಲ. ಹೋದ ವರ್ಷ ಸೈಕಲ್ಲಿಂದ ಬಿದ್ದು ಗದ್ದ ಒಡೀತು. ನಲ್ಲಿ ಹತ್ರ ಹೋಗೋದ್ರೊಳಗೆ ನಿಂತಿತ್ತು.”

“ತಾಯಿ, ನಿಮಗೆ? ಹೆರಿಗೇಲಿ?”

“ಏನೂ ಆಗ್ಲಿಲ್ಲ,” ಎಂದಳು ಅಕ್ಕ. “ಆಗ ಇನ್ನೂ ನೂಲಿನ ಕೆಲಸ ಶುರುವಾಗಿರ್ಲಿಲ್ಲ. ಗಟ್ಟಿಮುಟ್ಟಾಗಿದ್ದೆ.”

ಸಾಹೇಬರು ಕನ್ನಡಕ ತೆಗೆದು ಎದೆಯ ಮೇಲೆ ಬಿಟ್ಟರು. “ಹುಟ್ಟಿಂದ ಬಂದಿದ್ದು ನಡುವೆ ರಜಾ ತಗೊಳಲ್ಲ. ಹೋದ ವರ್ಷ ನಿಂತಿದ್ದು ಈ ವರ್ಷ ಯಾಕೆ ನಿಲ್ಲಲ್ಲ? ನಿನ್ನೆ ಇಬ್ರೂ ಎಲ್ಲಿದ್ರಿ?”

“ನಮ್ಮ ಮನೇಲಿ,” ಎಂದಳು ಅಕ್ಕ.

“ಔಷಧಿ ಏನಾದ್ರೂ?”

“ಯಾವುದೂ ಇಲ್ಲ ಸಾಹೇಬ್ರೇ. ಇವನೇ ಬರೆದಿದಾನೆ ನೋಡಿ.”

“ಔಷಧಿ ಬಿಡಿ. ನಿನ್ನೆ ಬೆಳಿಗ್ಗೆ ಎದ್ದಾಗಿಂದ ಬಾಯಿಗೆ ಏನೇನು ಹಾಕ್ಕೊಂಡ್ರಿ, ಅದು ಹೇಳಿ. ನೀರು ಕುಡಿದಿದ್ರೂ ಹೇಳಿ.”

ಇಂಥ ಪ್ರಶ್ನೆಯನ್ನು ಕೇಳಬೇಕಾದವನು ನಾನಾಗಿದ್ದೆ. ಅಕ್ಕ ಬೆರಳು ಮಡಿಸಿದಳು: ಕಾಫಿ, ಉಪ್ಪಿಟ್ಟು, ಟೀ, ಮುದ್ದೆ, ಹುರುಳಿಕಾಳು ಸಾರು, ಮತ್ತೆ ಟೀ, ಅನ್ನ, ಮಜ್ಜಿಗೆ.

“ಟೀ ಜೊತೆ ಬಿಸ್ಕೆಟ್ಟಾ?”

“ಬಿಸ್ಕೆಟ್ ಇಲ್ಲ. ಅದು.”

“ಅದು ಅಂದ್ರೆ?”

“ತಲೆನೋವಿಂದು. ದಿನಾ ಎಲ್ಲರೂ ತಗೋತೀವಲ್ಲ.”

“ಮಾತ್ರೆನಾ?”

“ಮಾತ್ರೆ. ಔಷಧಿ ಅಲ್ಲ,” ಎಂದಳು ಅಕ್ಕ, ಇಷ್ಟು ಓದಿದವರಿಗೆ ಇದನ್ನೂ ಬಿಡಿಸಿ ಹೇಳಬೇಕೇ ಎನ್ನುವ ಹಾಗೆ. “ಔಷಧಿ ಅಂದ್ರೆ ಡಾಕ್ಟ್ರು ಕೊಡೋದು. ಇದು ಅಂಗಡೀದು.”

ಸಾಹೇಬರು ನನ್ನ ಕಡೆ ನೋಡಿದರು. “ನಾನೂ ಎರಡು ತಗೊಂಡೆ,” ಎಂದೆ. ಹೆಸರು ಕೇಳಿದರು, ಹೇಳಿದೆ. ಅವರು ಎದ್ದು ರಟ್ಟಿಲ್ಲದ ಪುಸ್ತಕ ತೆರೆದು, ಬೇಕಾದ ಪುಟದ ಮೇಲೆ ಬೆರಳಿಟ್ಟರು. “ಆಸ್ಪಿರಿನ್,” ಎಂದರು. “ಎಷ್ಟು ವರ್ಷದಿಂದ ತಾಯಿ?”

ಅಕ್ಕ ಲೆಕ್ಕ ಹಾಕಿದಳು. “ಎಂಟು ವರ್ಷ ಆಯ್ತೇನೋ. ದಿನಾ ಮೂರು.”

ಆಮೇಲೆ ಅವರು ನಮಗೆ ಹೇಳಿದ್ದನ್ನು ಬಸ್ಸಿನಲ್ಲಿ ಕೂತು ನೋಟ್‌ಬುಕ್ಕಿಗೆ ಇಳಿಸಿದೆ. ರಕ್ತನಾಳ ಹರಿದರೆ ಈ ಪುಟ್ಟ ಕಣಗಳು ಹರಿದ ಅಂಚಿಗೆ ತಾಗುತ್ತವೆ. ತಾಗಿದ್ದು ಹೊರಗೆ, ಕೆಲಸ ಶುರುವಾಗುವುದು ಒಳಗೆ. ಅಲ್ಲಿ ಕಿಣ್ವಗಳಿವೆ, ಡಾಕ್ಟರುಗಳ ಮಾತಿನಲ್ಲಿ ಎನ್‌ಜೈಮ್. ಒಂದು ಎದ್ದು ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು. ಕೊನೆಗೆ ಒಂದು ಕಿಣ್ವ ಕಣದ ಪೊರೆಯ ಕೊಬ್ಬಿನಿಂದಲೇ ಒಂದು ರಾಸಾಯನಿಕವನ್ನು ಮಾಡಿ ಹೊರಗೆ ಬಿಡಿಸುತ್ತದೆ. ಅದೇ ಕರೆ. ಸುತ್ತಲಿನ ಕಣಗಳು ಅದಕ್ಕೆ ಓಗೊಟ್ಟು ಬಂದು ಅಂಟಿಕೊಳ್ಳುತ್ತವೆ. ಆಸ್ಪಿರಿನ್ ಹಿಡಿದು ಹಾಕುವುದು ಈ ಕರೆ ತಯಾರಿಸುವ ಕಿಣ್ವವನ್ನೇ. ಕಣಗಳು ಇರುತ್ತವೆ, ಎಣಿಸಿದರೆ ಲೆಕ್ಕ ಸಿಗುತ್ತದೆ. ಆದರೆ ಕರೆ ಹೊರಡುವುದಿಲ್ಲ.

ಅಕ್ಕ ಇದೆಲ್ಲವನ್ನೂ ತಲೆ ಬಾಗಿಸಿ ಕೇಳಿ, “ಹಂಗಾದ್ರೆ ತೊಟ್ಟೀಲಿ ಗೂಡು ಇದೆ, ತುದಿ ಎತ್ತಿ ಕೊಡೋರಿಲ್ಲ,” ಎಂದಳು.

ಸಾಹೇಬರು ಮೇಜು ತಟ್ಟಿದರು. “ಬಸ್, ಅಷ್ಟೇ. ಇಷ್ಟು ವರ್ಷ ಓದಿ ನಂಗೆ ಹೀಗೆ ಹೇಳೋಕೆ ಬರ್ಲಿಲ್ಲ ನೋಡಿ.”

“ಒಂದಿನ ಮಾತ್ರೆ ಬಿಟ್ರೆ ಸರಿ ಹೋಗುತ್ತಾ?” ಎಂದು ಕೇಳಿದೆ.

“ಆಗಲ್ಲ. ಬೇರೆ ಜೀವಕೋಶ ಆದ್ರೆ ಹೊಸ ಕಿಣ್ವ ಮಾಡ್ಕೊಳುತ್ತೆ. ಈ ಕಣಕ್ಕೆ ಆ ಶಕ್ತಿ ಇಲ್ಲ. ಒಂದು ಸಲ ಕೆಟ್ಟಿದ್ದು ಸಾಯೋವರ್ಗೂ ಕೆಟ್ಟಿದ್ದೇ. ಹಳೇವು ಹೋಗಿ ಮೂಳೆ ಒಳಗಿಂದ ಹೊಸವು ಬರ್ಬೇಕು. ಹತ್ತು ದಿನ ಒಂದು ಮಾತ್ರೇನೂ ಮುಟ್ಬೇಡಿ, ಆಮೇಲೆ ಬನ್ನಿ. ಆಗ್ಲೂ ಹೀಗೇ ಹರಿದ್ರೆ ಡಾಕ್ಟ್ರಮ್ಮ ಹೇಳಿದ್ದೇ ಸರಿ. ಬೆಂಗಳೂರಿಗೆ ಹೋಗ್ಬೇಕು.”

ಅಂದರೆ ತೀರ್ಪು ಬಂದಿರಲಿಲ್ಲ. ಬಸ್ಸಿನಲ್ಲಿ ಅಮ್ಮ ಕೇಳಿದಳು, “ಏನಂದ್ರು ಕಣೋ, ನನ್ನಿಂದಾನಾ, ಮಾತ್ರೆಯಿಂದಾನಾ?” ಹತ್ತು ದಿನ ಕಳೆಯಲಿ ಎಂದೆ. ಸಮಾಧಾನಕ್ಕೆ ‘ಮಾತ್ರೆಯಿಂದ’ ಎಂದುಬಿಡಬಹುದಿತ್ತು. ಖಚಿತವಾಗದ್ದನ್ನು ಹೇಳದಿರುವ ರೂಢಿ ನನ್ನದು. ಆ ಸಂಜೆ ಅದು ಅಷ್ಟೇನೂ ಒಳ್ಳೆಯ ರೂಢಿ ಎನಿಸಲಿಲ್ಲ.

ಆ ಹತ್ತು ದಿನ ಅಕ್ಕ ಚಿಕ್ಕಬಳ್ಳಾಪುರದಲ್ಲಿ ನಮ್ಮ ಜೊತೆ ಉಳಿದಳು. ಶಿಡ್ಲಘಟ್ಟದಲ್ಲಿದ್ದರೆ ಹನ್ನೊಂದಕ್ಕೆ ಕೈ ತಾನಾಗಿ ಡಬ್ಬಕ್ಕೆ ಹೋಗುತ್ತದೆ ಎಂದು ಅವಳೇ ಹೇಳಿದಳು. ಹಬೆಯಿಲ್ಲ, ಹೊಗೆಯಿಲ್ಲ, ಇನ್ನು ತಲೆನೋವು ಬರಲಾರದು ಎಂದುಕೊಂಡಿದ್ದೆವು. ಎರಡನೆಯ ದಿನವೇ ಬಂತು, ಹಿಂದೆಂದೂ ಬಾರದಷ್ಟು. ಆ ಮಾತ್ರೆಯೊಳಗೆ ಕಾಫಿಯ ಸತ್ವವೂ ಇತ್ತು. ಎಂಟು ವರ್ಷ ದಿನಾ ನುಂಗಿ ಒಮ್ಮೆಲೇ ಬಿಟ್ಟರೆ ತಲೆ ಅದಕ್ಕಾಗಿಯೇ ನೋಯುತ್ತದೆ ಎಂದು ಲೇಡಿ ಡಾಕ್ಟರು ಹೇಳಿದರು. ಅವಳು ಹಣೆಗೆ ಒದ್ದೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಮ್ಮ ಪಕ್ಕದಲ್ಲಿ ಕೂತು ಹಣೆ ಒತ್ತುತ್ತಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಬಸ್ ನಿಲ್ದಾಣದಿಂದ ಬಂದಾಗ ಅಕ್ಕ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಎಲ್ಲಿಗೆ?”

“ಅಂಗಡಿವರ್ಗೂ. ಒಂದೇ ಒಂದು ಕಣೋ. ಅರ್ಧ ಆದ್ರೂ ಸಾಕು.”

ನಾನು ಏನೋ ಹೇಳುವಷ್ಟರಲ್ಲಿ ಒಳಗಿಂದ ಅಮ್ಮನ ದನಿ ಬಂತು. “ಹೋಗ್ಲಿ ಬಿಡಪ್ಪ. ಅವಳು ತಗೊಂಡ್ರೆ ಆ ಕಾಗದ ಕೆಂಪಗೇ ಬರುತ್ತೆ. ಆಗ ಎಲ್ಲಾ ನನ್ನಿಂದಾನೇ ಅಂತ ತೀರ್ಮಾನ ಆಗೋಗುತ್ತೆ. ನಂಗೂ ಒಂದು ನೆಮ್ಮದಿ.”

ಅಕ್ಕ ಚಪ್ಪಲಿ ಬಿಟ್ಟಳು. “ನಿನ್ನ ಬಾಯಿಗಿಂತ ತಲೆನೋವೇ ಮೇಲಮ್ಮ,” ಎಂದು ಒಳಗೆ ಹೋಗಿ ಮಲಗಿದಳು. ಏಳನೆಯ ದಿನದ ಹೊತ್ತಿಗೆ ನೋವು ಇಳಿಯಿತು. ಒಂಬತ್ತನೆಯ ದಿನ ಹಿತ್ತಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ನಂದಿ ಬೆಟ್ಟದ ಕಡೆ ನೋಡಿ, “ಎಷ್ಟು ವರ್ಷ ಆಯ್ತೋ ಹಿಂಗೆ ಕೂತು,” ಎಂದಳು. ಅಮ್ಮ ಸುಲಿದ ಕಾಳನ್ನೂ ಸಿಪ್ಪೆಯನ್ನೂ ಒಂದೇ ಮೊರಕ್ಕೆ ಹಾಕುತ್ತಿದ್ದಳು. ಅವಳ ಗಮನ ಅಲ್ಲಿರಲಿಲ್ಲ.

ಹತ್ತು ದಿನ ಮುಗಿದ ಮಾರನೆಯ ಬೆಳಿಗ್ಗೆ ಮತ್ತೆ ಅದೇ ಬಸ್ಸು, ಅದೇ ಕೋಣೆ, ಅದೇ ಪಟ್ಟಿ. ಸಾಹೇಬರು ಗೀರು ಹಾಕಿದರು. ಮೊದಲ ಚುಕ್ಕೆ ಕಾಲಾಣೆಯಷ್ಟಿತ್ತು. ಎರಡನೆಯದು, ಮೂರನೆಯದು. ನಾಲ್ಕು ನಿಮಿಷದ ಹೊತ್ತಿಗೆ ಮೆಣಸಿನ ಕಾಳಷ್ಟಾಯಿತು. ಸ್ಟೇಷನ್ನಿನಲ್ಲಿ ಹಿಂದೂಪುರದ ಕಡೆಯ ರೈಲು ಬಂದು ನಿಂತು ಹೊರಟಿತು. ಐದೂವರೆ ನಿಮಿಷಕ್ಕೆ ಸಾಸಿವೆಯಷ್ಟು. ಆರಕ್ಕೆ ಒಂದು ಕಂದು ಗುರುತು. ಆರೂವರೆಗೆ ಸಾಹೇಬರು ಕಾಗದವನ್ನು ತಾಗಿಸಿ ತೆಗೆದು ಅಮ್ಮನ ಮುಂದೆ ಹಿಡಿದರು. ಬಿಳಿ.

“ಇನ್ನೊಂದು ಸಲ ತಾಗಿಸಿ,” ಎಂದಳು ಅಮ್ಮ.

ತಾಗಿಸಿದರು. ಬಿಳಿಯೇ.

“ನಿಮ್ಮ ಮದುವೆಗೂ ಇದಕ್ಕೂ ಸಂಬಂಧ ಇಲ್ಲಮ್ಮ,” ಎಂದರು ಸಾಹೇಬರು.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅಕ್ಕನ ತಲೆಯ ಮೇಲೆ ಒಂದು ಏಟು ಕೊಟ್ಟಳು, ಮೆಲ್ಲಗೇನೂ ಅಲ್ಲ. “ಎಂಟು ವರ್ಷದಿಂದ ಮಾತ್ರೆ ನುಂಗಿ ಔಷಧಿ ಇಲ್ಲ ಅಂತೀಯಲ್ಲೇ. ನಾನು ಹತ್ತು ದಿನದಿಂದ ಸತ್ತವರ್ನೆಲ್ಲ ಬೈಕೊಂಡು ಕೂತಿದೀನಿ. ನಿಮ್ಮಪ್ಪನ್ನೂ ಬಿಡ್ಲಿಲ್ಲ.”

ಅಕ್ಕ ತಲೆ ಉಜ್ಜಿಕೊಂಡು, “ತಲೆಗೆ ಹೊಡೀಬೇಡಮ್ಮ, ಮತ್ತೆ ಮಾತ್ರೆ ಬೇಕಾಗುತ್ತೆ,” ಎಂದಳು. ಆ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಆಗಲೇ.

ತೊಂಬತ್ತರ ದಶಕದಲ್ಲಿ ವಿಜ್ಞಾನದ ಪುಟಕ್ಕೆ ಬರೆಯುವ ಅವಕಾಶ ಬಂದಾಗ ನಾನು ಈ ಕಿಣ್ವಗಳ ಬಗ್ಗೆ ಇನ್ನಷ್ಟು ಓದಿದೆ. ಸಾಹೇಬರು ಹೇಳಿದ್ದು ಕತೆಯ ಅರ್ಧ. ಕರೆಯುವ ಸಂಕೇತ ಇರುವ ಹಾಗೆ, ಸಾಕು ಎನ್ನುವ ಸಂಕೇತವೂ ಇದೆ. ನಾಳದ ಆರೋಗ್ಯವಂತ ಗೋಡೆ ತಾನೇ ಒಂದು ರಾಸಾಯನಿಕವನ್ನು ಬಿಡುತ್ತದೆ. ಅದು ತಾಗಿದ ಕಣದೊಳಗೆ ಬೇರೆ ಕಿಣ್ವಗಳು ಎದ್ದು, ಎದ್ದ ಗದ್ದಲವನ್ನು ಅಡಗಿಸುತ್ತವೆ. ಇಲ್ಲದಿದ್ದರೆ ಬೆರಳು ಕೊಯ್ದುಕೊಂಡಲ್ಲಿ ಶುರುವಾದ ಗಂಟು ಇಡೀ ಕೈಗೆ ಹರಡೀತು. ಒಂದು ಕಡೆ ವಾಲಿದರೆ ರಕ್ತ ನಿಲ್ಲುವುದಿಲ್ಲ, ಇನ್ನೊಂದು ಕಡೆ ವಾಲಿದರೆ ಹೃದಯದ ನಾಳ ಕಟ್ಟುತ್ತದೆ. ಅಕ್ಕನ ರಕ್ತ ನಿಲ್ಲದ ಹಾಗೆ ಮಾಡಿದ ಅದೇ ಆಸ್ಪಿರಿನ್ನನ್ನು ಹೃದಯದ ಡಾಕ್ಟರುಗಳು ಸಣ್ಣ ಪ್ರಮಾಣದಲ್ಲಿ ದಿನಾ ಕೊಡಲು ತೊಡಗಿದ್ದರು. ಇಷ್ಟನ್ನೂ ಬರೆದೆ. ಅದರ ಜೊತೆ ನೂಲು ತೆಗೆಯುವ ಕೋಣೆಗಳ ಡಬ್ಬದ ಬಗ್ಗೆಯೂ ಒಂದು ಪ್ಯಾರಾ ಬರೆದಿದ್ದೆ. ‘ಇದನ್ನು ಹೇಳಿದ್ದು ಯಾರು?’ ಎಂದು ಅಂಚಿನಲ್ಲಿ ಕೇಳಿ ಉಪಸಂಪಾದಕರು ಅದನ್ನು ಹೊಡೆದುಹಾಕಿದ್ದರು. ನನ್ನ ಅಕ್ಕ ಎಂದು ಉತ್ತರಿಸುವ ಹಾಗಿರಲಿಲ್ಲ.

ಗೌರಿಬಿದನೂರಿನಿಂದ ಬಂದ ಮೇಲೆ, ಆಪರೇಷನ್ನಿನ ದಿನ ಬೆಳಿಗ್ಗೆ ಲೇಡಿ ಡಾಕ್ಟರು ಹೊಸ ಚೀಟಿ ತೆಗೆದು ಮತ್ತೆ ಅದೇ ಪ್ರಶ್ನೆ ಕೇಳಿದರು. ಪೆನ್ನು ಈ ಸಲವೂ ನನ್ನ ಕೈಯಲ್ಲೇ ಇತ್ತು. ಅಕ್ಕ ಬಾಯಿ ತೆರೆಯುವ ಮೊದಲೇ ಅಮ್ಮ ಶುರು ಮಾಡಿದಳು: ನೀವು ಕೊಟ್ಟ ಕಬ್ಬಿಣದ ಮಾತ್ರೆ, ಮೊನ್ನೆ ಜೀರಿಗೆ ಕಷಾಯ, ನಿನ್ನೆ ಬೆಳಿಗ್ಗೆ ಮೆಂತ್ಯ ನೆನೆಸಿದ ನೀರು, ಹಣೆಗೆ ಹಚ್ಚಿದ ಶುಂಠಿ, ಒಂದು ಸಲ ಎಲೆ ಅಡಿಕೆ, ಸುಣ್ಣ ಕಮ್ಮಿ.

“ಇಷ್ಟು ಬೇಡಮ್ಮ,” ಎಂದು ಡಾಕ್ಟರು ನಕ್ಕರು.

“ಬರ್ಕೊಳ್ಳಪ್ಪ, ಎಲ್ಲಾ ಬರ್ಕೊ,” ಎಂದಳು ಅಮ್ಮ ನನಗೆ. ಬರೆದೆ. ಶುಂಠಿಯನ್ನೂ ಬಿಡಲಿಲ್ಲ.

ಅಕ್ಕನನ್ನು ಒಳಗೆ ಕರೆದುಕೊಂಡು ಹೋದರು. ಭಾವ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದರು. ಅಮ್ಮ ಬೆಂಚಿನ ಮೇಲೆ ಕೂತು ತನ್ನ ಮುಂಗೈ ಮೇಲಿನ ಗೀರಿನ ಗುರುತನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. ಅಷ್ಟು ದಿನಕ್ಕೆ ಅದು ಒಂದು ಸಣ್ಣ ಬಿಳಿ ಗೆರೆಯಾಗಿತ್ತು. ಒಂದೂವರೆ ಗಂಟೆಯ ಮೇಲೆ ಡಾಕ್ಟರು ಬಾಗಿಲಿಗೆ ಬಂದು, “ರಕ್ತ ಹೆಚ್ಚೇನೂ ಹೋಗಲಿಲ್ಲ,” ಎಂದರು.

ಅಕ್ಕ ಶಿಡ್ಲಘಟ್ಟಕ್ಕೆ ಮರಳುವ ಮೊದಲೇ ಭಾವ ಒಲೆಯ ಹಿಂದಿನ ಗೋಡೆಯಲ್ಲಿ ಹೊಗೆ ಹೋಗಲು ಒಂದು ಸಾಲು ಇಟ್ಟಿಗೆ ಬಿಚ್ಚಿಸಿದ್ದರು. ಅಕ್ಕ ಡಬ್ಬವನ್ನು ತೊಳೆದು ಒಣಗಿಸಿ ಅದಕ್ಕೆ ಸಕ್ಕರೆ ತುಂಬಿದಳು. ಹೆಂಗಸರಲ್ಲಿ ಇಬ್ಬರು ಮಾತ್ರೆ ಬಿಟ್ಟರು. ಉಳಿದವರು ಸೊಂಟದ ಗಂಟಿನಲ್ಲಿ ತಮ್ಮ ತಮ್ಮದು ತರತೊಡಗಿದರು. ಅವರಿಗೆ ಅಕ್ಕ ಬೈಯಲಿಲ್ಲ. ಹೊಸಬರು ಕೆಲಸಕ್ಕೆ ಸೇರಿದರೆ ಮಾತ್ರ ತೊಟ್ಟಿ ತೋರಿಸುವ ಮೊದಲು ಗೋಡೆಯ ಆ ಕಿಂಡಿಯ ಪಕ್ಕದ ಜಾಗ ತೋರಿಸುತ್ತಿದ್ದಳು.

ಸಾಹೇಬರ ಎರಡು ಕಾಗದಗಳನ್ನೂ ನಾನು ಕೇಳಿ ತಂದಿದ್ದೆ. ಇಪ್ಪತ್ತು ನಿಮಿಷದ ಅಕ್ಕನ ಕಾಗದ, ಆರೂವರೆ ನಿಮಿಷದ ಅಕ್ಕನ ಕಾಗದ. ಈಗ ಚುಕ್ಕೆಗಳೆಲ್ಲ ಕಂದಾಗಿ ಮಾಸಿವೆ, ಯಾವುದು ಮೊದಲಿನದು ಎಂದು ಎಣಿಸಿ ನೋಡಿಯೇ ಹೇಳಬೇಕು. ಎರಡನೆಯದರ ಕೊನೆಯಲ್ಲಿ ಒಂದು ಬಿಳಿಯ ಜಾಗವಿದೆ. ಅಮ್ಮ ಬದುಕಿದ್ದಷ್ಟು ದಿನ, ನಾನು ನೋಟ್‌ಬುಕ್ಕುಗಳನ್ನು ಬಿಸಿಲಿಗೆ ಹಾಕಿದಾಗಲೆಲ್ಲ, ಅದನ್ನು ಕೇಳಿ ಈಸಿಕೊಂಡು ಆ ಜಾಗದ ಮೇಲೆ ಬೆರಳಿಟ್ಟು ನೋಡುತ್ತಿದ್ದಳು.